ಸಿಟ್ಟಿಗೊಂದು ವಿಳಾಸ

(ತುಮಕೂರಿನಲ್ಲಿ ಪದವಿ ವಿದ್ಯಾರ್ಥಿಗಳ ಎದುರು ಆಡಿದ ಮಾತುಗಳ ಬರಹ ರೂಪ)

ಕೆಟ್ಟ ಸುದ್ದಿ ನಿಮಗೆ ಬರುವುದು ಪೇಪರಿನಿಂದಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಕ್ಲಾಸಿನ ವಾಟ್ಸಾಪ್ ಗ್ರೂಪಿಗೆ ಒಂದು ವಿಡಿಯೊ ಬಂದು ಬೀಳುತ್ತದೆ. ಕೆಳಗೆ ‘ಟಿವಿಯವರು ಇದನ್ನು ತೋರಿಸುವುದಿಲ್ಲ, ಎಲ್ಲರಿಗೂ ತಲುಪಿಸಿ’ ಎಂಬ ಸಾಲು. ಒಬ್ಬ ‘ಇವರನ್ನೆಲ್ಲ ಹಿಂಗೇ ಬಿಟ್ರೆ ಆಯ್ತು’ ಅಂತ ಹಾಕುತ್ತಾನೆ. ಇನ್ನೊಬ್ಬ ‘ಇವರು ಅಂದ್ರೆ ಯಾರೋ?’ ಅಂತ ಕೇಳುತ್ತಾನೆ. ಅಲ್ಲಿಗೆ ಮುಗಿಯಿತು. ಬೆಳಗ್ಗೆ ಮೊದಲ ಪಿರಿಯಡ್‌ಗೆ ಬರುವಷ್ಟರಲ್ಲಿ ಕ್ಲಾಸು ಎರಡು ಹೋಳು. ಘಟನೆ ನಡೆದದ್ದು ಇನ್ಯಾವುದೋ ರಾಜ್ಯದಲ್ಲಿ, ಮಾತು ಬಿಟ್ಟದ್ದು ಪಕ್ಕದ ಬೆಂಚಿನವರು.

ಸಿಟ್ಟು ಮಾಡಿಕೊಳ್ಳಬೇಡಿ ಎಂದು ಹೇಳಲು ನಾನು ಬಂದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಇಂಥ ಸುದ್ದಿಗೆ ಹೊಟ್ಟೆ ಉರಿಯದಿದ್ದರೆ ಅದೇ ಚಿಂತೆಯ ವಿಷಯ. ಆದರೆ ವಿಳಾಸವಿಲ್ಲದ ಸಿಟ್ಟು ಕೈಗೆ ಹತ್ತಿರ ಸಿಕ್ಕವರ ಮೇಲೆ ತೀರುತ್ತದೆ. ವಿಳಾಸ ಅಂದರೆ ಎರಡೇ ಪ್ರಶ್ನೆ: ಇದಕ್ಕೆ ಉತ್ತರ ಕೊಡಬೇಕಾದವರು ಯಾರು, ಎಷ್ಟು ದಿನದೊಳಗೆ ಕೊಡಬೇಕು. ದೂರದ ಸುದ್ದಿಯಾಗಲಿ, ಕಾಲೇಜಿನ ಒಳಗಿನ ರಾಜಕೀಯವಾಗಲಿ, ಈ ಎರಡು ಪ್ರಶ್ನೆ ಕೇಳಿದವರು ಮಾಡುವ ಕೆಲಸವೇ ಬೇರೆ, ಕೇಳದವರು ಮಾಡುವ ಗದ್ದಲವೇ ಬೇರೆ.

ಮೊದಲು ಆ ವಿಡಿಯೊ. 2012ರ ಆಗಸ್ಟ್‌ನಲ್ಲಿ ಎಸ್‌ಎಂಎಸ್ ಮತ್ತು ಸುಳ್ಳು ಚಿತ್ರಗಳ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟರು. ಅವರಲ್ಲಿ ನಿಮ್ಮ ವಯಸ್ಸಿನ ವಿದ್ಯಾರ್ಥಿಗಳೂ ಬಹಳ ಮಂದಿ. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು, ಕೇಂದ್ರ ಸರ್ಕಾರ ಹದಿನೈದು ದಿನ ಸಾಮೂಹಿಕ ಎಸ್‌ಎಂಎಸ್‌ಗೆ ಮಿತಿ ಹಾಕಬೇಕಾಯಿತು. 2018ರಲ್ಲಿ ಮಕ್ಕಳ ಕಳ್ಳರ ವದಂತಿ. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ನಿಮ್ಮ ಮನೆಯವರ ಫೋನಿಗೂ ಬಂದಿದ್ದೀತು. ಅದು ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ್ದ ಜಾಗೃತಿ ಚಿತ್ರ. ಮೂಲದಲ್ಲಿ ಅವರೇ ಮಗುವನ್ನು ವಾಪಸು ತಂದು ಇಳಿಸಿ, ಎಚ್ಚರಿಕೆಯ ಫಲಕ ಎತ್ತಿ ತೋರಿಸುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿದರು, ಅಷ್ಟೇ. ಅಂಥ ವದಂತಿಯ ಕಾವಿನಲ್ಲೇ ಆ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಒಬ್ಬ ಯುವ ಇಂಜಿನಿಯರ್ ಜನರ ಕೈಯಲ್ಲಿ ಸತ್ತರು.

ಈಗ ನಿಮ್ಮ ಫೋನು ತೆಗೆದು ನೋಡಿ. ಫಾರ್ವರ್ಡ್ ಆದ ಮೆಸೇಜಿನ ಮೇಲೆ ಒಂದು ಬಾಣ ಇರುತ್ತದೆ. ಎರಡು ಬಾಣ ಇದ್ದರೆ ಅದು ಐದು ಕೈ ದಾಟಿ ನಿಮಗೆ ಬಂದಿದೆ ಎಂದರ್ಥ. ಅಂಥದ್ದನ್ನು 2020ರ ಏಪ್ರಿಲ್‌ನಿಂದ ಒಂದು ಸಲಕ್ಕೆ ಒಂದೇ ಚಾಟಿಗೆ ಕಳಿಸಬಹುದು. ಆದರೆ ಇದನ್ನೇ ನಂಬಿ ಕೂರುವ ಹಾಗಿಲ್ಲ. ವಿಡಿಯೊವನ್ನು ಫೋನಿಗೆ ಇಳಿಸಿಕೊಂಡು ಹೊಸದಾಗಿ ಹಾಕಿದರೆ, ಇಲ್ಲವೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದರೆ ಬಾಣಗಳು ಹೋಗಿಬಿಡುತ್ತವೆ. ‘ನಮ್ಮ ಹುಡುಗನೇ ತೆಗೆದದ್ದು’ ಎಂದು ಬರುವುದರಲ್ಲಿ ಬಹುಪಾಲು ಹೀಗೆ ಬಾಣ ಕಳಚಿಕೊಂಡ ಮಾಲೇ.

ಪರೀಕ್ಷೆ ಮಾಡುವುದು ಕಷ್ಟವಲ್ಲ. ವಿಡಿಯೊವನ್ನು ಮೂರು ನಾಲ್ಕು ಕಡೆ ನಿಲ್ಲಿಸಿ. ಮುಖ ತೋರುವ ಕಡೆ ಬೇಡ; ಅಂಗಡಿ ಬೋರ್ಡು, ಬಸ್ಸು, ಗಾಡಿಯ ನಂಬರ್ ಪ್ಲೇಟು, ಪೊಲೀಸರ ಟೋಪಿ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಒಂದೊಂದನ್ನೂ ಚಿತ್ರ ಕೊಟ್ಟು ಹುಡುಕುವ ಗೂಗಲ್ ಲೆನ್ಸ್‌ಗೆ ಕೊಡಿ. ವಿಡಿಯೊ ಹಳೆಯದಾಗಿದ್ದರೆ ಹಿಂದೆ ಎಲ್ಲಿ ಬಂದಿತ್ತು ಎನ್ನುವುದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಕೆಎ 06 ಇದ್ದರೆ ತುಮಕೂರು, 07 ಕೋಲಾರ, 40 ಚಿಕ್ಕಬಳ್ಳಾಪುರ ಎನ್ನುವುದು ನಿಮಗೆ ಗೊತ್ತು. ಆದರೆ ಗಾಡಿ ಊರೂರು ತಿರುಗುತ್ತದೆ, ಒಂದು ಪ್ಲೇಟು ಸಾಕ್ಷಿಯಲ್ಲ; ನಾಲ್ಕು ಗಾಡಿಯ ಪ್ಲೇಟು ಒಂದೇ ಜಿಲ್ಲೆಯದಾದರೆ ಮಾತು ಬೇರೆ. ಹೊರಗಿನವರು ಮಾಡುವ ಒಂದು ತಪ್ಪು ನಮ್ಮ ಕಡೆಯವರಿಗೆ ಬೇಗ ಕಾಣುತ್ತದೆ: ಬೋರ್ಡು ತೆಲುಗಿನಲ್ಲಿದ್ದರೆ ಅದು ಆಂಧ್ರದ್ದೇ ಅಂದುಬಿಡುತ್ತಾರೆ. ಬಾಗೇಪಲ್ಲಿ, ಮುಳಬಾಗಿಲು, ಪಾವಗಡ ಕಂಡವರು ಹಾಗೆ ಅನ್ನುವುದಿಲ್ಲ. ಇನ್ನು ಟೋಪಿ. ನಮ್ಮ ಪೇದೆಗಳ ಒಂದು ಬದಿ ಮಡಚಿದ ಅಗಲ ಟೋಪಿ 2025ರ ಕೊನೆಯಲ್ಲಿ ಬದಲಾಗತೊಡಗಿತು. ‘ನಿನ್ನೆ ನಡೆದದ್ದು’ ಎನ್ನುವ ವಿಡಿಯೊದಲ್ಲಿ ಎಲ್ಲ ಪೇದೆಗಳ ತಲೆಯ ಮೇಲೂ ಹಳೆಯ ಟೋಪಿ ಇದ್ದರೆ ಸ್ವಲ್ಪ ಅನುಮಾನಪಡಿ.

ವಿಡಿಯೊ ನಿಜವೇ ಆಗಿರಬಹುದು, ಅದರ ಜೊತೆಗೆ ಬರುವ ಅಂಕಿ ಬೇರೆ ವಿಷಯ. 2020ರ ಡಿಸೆಂಬರ್ 12ರ ಬೆಳಗ್ಗೆ ಕೋಲಾರದ ನರಸಾಪುರದಲ್ಲಿ ತೈವಾನಿನ ವಿಸ್ಟ್ರಾನ್ ಕಂಪನಿಯ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಗಲಾಟೆ. ಮೊದಲು ಬಂದ ನಷ್ಟದ ಅಂಕಿ 437 ಕೋಟಿ ರೂಪಾಯಿ. ಅದು ಪೊಲೀಸರಿಗೆ ಕೊಟ್ಟ ದೂರಿನಲ್ಲಿದ್ದ ಅಂಕಿ. ಕೆಲವೇ ದಿನಗಳಲ್ಲಿ ಕಂಪನಿಯೇ ತೈವಾನಿನಲ್ಲಿ ಕೊಟ್ಟ ಲೆಕ್ಕ ರೂಪಾಯಿಯಲ್ಲಿ ಸುಮಾರು 26ರಿಂದ 52 ಕೋಟಿ. ಆಮೇಲೆ ಸಂಬಳ ಕಡಿತ, ಕೆಲಸದ ಅವಧಿ, ಹಾಜರಾತಿ ದಾಖಲೆಯ ಲೋಪಗಳು ಹೊರಬಂದವು. ಆ್ಯಪಲ್ ಕಂಪನಿ ವಿಸ್ಟ್ರಾನ್‌ಗೆ ಹೊಸ ಕೆಲಸ ಕೊಡುವುದನ್ನೇ ತಡೆಹಿಡಿಯಿತು. ಮೊದಲ ದಿನ ಒಬ್ಬರು ‘ಪುಂಡರು’ ಎಂದು ಪೋಸ್ಟ್ ಹಾಕಿದರು, ಇನ್ನೊಬ್ಬರು ‘ಕ್ರಾಂತಿ’ ಎಂದು ಹಾಕಿದರು. ವಾರ ಕಳೆಯುವಷ್ಟರಲ್ಲಿ ಇಬ್ಬರ ಪೋಸ್ಟೂ ಹಳಸಿತ್ತು. ಹಾಗಾಗಿ ಸುದ್ದಿ ಓದುವಾಗ ಪ್ರತಿ ಅಂಕಿಯ ಪಕ್ಕ ‘ಹೇಳಿದವರು ಯಾರು’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ದೂರುದಾರರೇ, ಪೊಲೀಸರೇ, ಇಲಾಖೆಯ ವರದಿಯೇ, ಕೋರ್ಟೇ? ಈ ನಾಲ್ಕಕ್ಕೂ ತೂಕ ಬೇರೆ ಬೇರೆ.

ಎಫ್‌ಐಆರ್ ಅಂದರೂ ಹಾಗೇ. ಅದು ದೂರಿನ ದಾಖಲೆ, ತೀರ್ಪಲ್ಲ. 2016ರ ಸುಪ್ರೀಂ ಕೋರ್ಟ್ ಆದೇಶದಂತೆ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸ್ ವೆಬ್‌ಸೈಟಿಗೆ ಹಾಕಬೇಕು. ಲೈಂಗಿಕ ಅಪರಾಧ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಇಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ರಾಜ್ಯ ಪೊಲೀಸರ ತಾಣದಲ್ಲಿ ಜಿಲ್ಲೆ, ಠಾಣೆ, ವರ್ಷ, ನಂಬರು ಕೊಟ್ಟರೆ ಪ್ರತಿ ಸಿಗುತ್ತದೆ. ಎರಡು ಪುಟ ಓದುವುದು ಇನ್ನೂರು ಕಮೆಂಟು ಓದುವುದಕ್ಕಿಂತ ಬೇಗ ಮುಗಿಯುತ್ತದೆ, ನಿದ್ದೆಯನ್ನೂ ಕೆಡಿಸುವುದಿಲ್ಲ.

ನಿದ್ದೆಯ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ರಕ್ತ ಕಾಣುವ ವಿಡಿಯೊ ನೋಡದೆ ಸುದ್ದಿ ತಿಳಿಯಬಹುದು. ವಾಟ್ಸಾಪ್ ಸೆಟ್ಟಿಂಗ್ಸ್‌ನ ಸ್ಟೋರೇಜ್ ವಿಭಾಗದಲ್ಲಿ ಫೋಟೊ, ವಿಡಿಯೊ ತಾನಾಗಿ ಇಳಿಯುವುದನ್ನು ಮೂರೂ ಕಡೆ ಆಫ್ ಮಾಡಿ: ಮೊಬೈಲ್ ಡೇಟಾ, ವೈಫೈ, ರೋಮಿಂಗ್. ಬಹಳ ಜನ ಮೊದಲನೆಯದನ್ನು ಮಾತ್ರ ಆಫ್ ಮಾಡುತ್ತಾರೆ, ಹಾಸ್ಟೆಲಿನ ವೈಫೈ ಸಿಕ್ಕ ತಕ್ಷಣ ಎಲ್ಲವೂ ಇಳಿಯುತ್ತದೆ. ಫೇಸ್‌ಬುಕ್‌ನಲ್ಲಿ ಆಟೊಪ್ಲೇ ನಿಲ್ಲಿಸಿ. ಕಂಡದ್ದು ಕಣ್ಣ ಮುಂದೆಯೇ ಮತ್ತೆ ಮತ್ತೆ ಬರುತ್ತಿದ್ದು, ಎರಡು ವಾರವಾದರೂ ನಿದ್ದೆ, ಊಟ ಸರಿಹೋಗದಿದ್ದರೆ ಟೆಲಿಮಾನಸ್ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್‌ನಿಂದ ಇರುವ, ಮಾನಸಿಕ ಆರೋಗ್ಯದ ಸರ್ಕಾರಿ ಸೇವೆ. ಹಗಲು ರಾತ್ರಿ ಸಿಗುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕು ಅನಿಸುತ್ತಿದ್ದರೆ ಎರಡು ವಾರ ಕಾಯುವ ಪ್ರಶ್ನೆಯೇ ಇಲ್ಲ, ಆವತ್ತೇ ಮಾಡಿ. ಪಕ್ಕದ ರೂಮಿನವರು ಹಾಗೆ ಮಾತಾಡುತ್ತಿದ್ದರೆ ಅವರ ಜೊತೆ ಕೂತು ನೀವೇ ನಂಬರ್ ಒತ್ತಿಕೊಡಿ.

ಇನ್ನೊಂದು ಎಚ್ಚರಿಕೆ, ಅದು ಒಳ್ಳೆಯ ಮನಸ್ಸಿನವರಿಗೆ. 2024ರ ಆಗಸ್ಟ್‌ನಲ್ಲಿ ಕೋಲ್ಕತ್ತದ ಆರ್‌ಜಿ ಕರ್ ಆಸ್ಪತ್ರೆಯಲ್ಲಿ ತರಬೇತಿ ವೈದ್ಯೆಯ ಮೇಲೆ ಅತ್ಯಾಚಾರ, ಕೊಲೆ ನಡೆದಾಗ ದೇಶದಾದ್ಯಂತ ವಿದ್ಯಾರ್ಥಿಗಳು ಮೇಣದಬತ್ತಿ ಹಿಡಿದರು. ಜೊತೆಗೆ ಆಕೆಯ ಹೆಸರು, ಫೋಟೊ ಕೂಡ ಎಲ್ಲೆಡೆ ಓಡಾಡಿದವು. ಅವನ್ನು ತೆಗೆಯಿರಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 20ರಂದು ಹೇಳಬೇಕಾಯಿತು. ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅತ್ಯಾಚಾರ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು. ಸಂತಾಪದ ಬ್ಯಾನರು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಊರು, ತಂದೆಯ ಹೆಸರು, ಕಾಲೇಜು ಇವನ್ನು ಒಟ್ಟಿಗೆ ಹಾಕಿದರೂ ಗುರುತು ಸಿಕ್ಕಿಬಿಡುತ್ತದೆ. ಫ್ಲೆಕ್ಸ್ ಅಂಗಡಿಯವನು ಇದನ್ನೆಲ್ಲ ನೋಡುವುದಿಲ್ಲ, ನೀವೇ ನೋಡಬೇಕು.

ಇಷ್ಟು ಹೊರಗಿನ ಸುದ್ದಿಯ ಮಾತು. ಇನ್ನು ಕಾಲೇಜಿನ ಒಳಗಿನದು.

ಕರ್ನಾಟಕದ ಕಾಲೇಜುಗಳಲ್ಲಿ ನೇರ ಚುನಾವಣೆ ನಿಂತು ಮೂರು ದಶಕ ದಾಟಿದೆ. ಮತ್ತೆ ಶುರುಮಾಡುವ ಮಾತು ಆಗಾಗ ಬರುತ್ತದೆ. ಶುರುವಾದರೆ ನಿಮಗೆ ಬೇಕಾಗುವ ದಾಖಲೆ, ವಿದ್ಯಾರ್ಥಿ ಚುನಾವಣೆ ಹೇಗೆ ನಡೆಯಬೇಕು ಎಂದು ಹೇಳಿದ ಲಿಂಗ್ಡೊ ಸಮಿತಿಯ ಶಿಫಾರಸು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಜಾರಿಗೆ ತರಲು ಹೇಳಿತು. ಪದವಿ ವಿದ್ಯಾರ್ಥಿಯ ವಯಸ್ಸು 17ರಿಂದ 22, ಹಾಜರಾತಿ ಶೇ 75, ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ಮೀರಬಾರದು, ಅಚ್ಚು ಹಾಕಿಸಿದ ಪೋಸ್ಟರ್ ಕೂಡದು, ನಾಮಪತ್ರದಿಂದ ಫಲಿತಾಂಶದವರೆಗೆ ಎಲ್ಲವೂ ಹತ್ತು ದಿನದೊಳಗೆ. ಇವತ್ತು ಒಂದು ಫ್ಲೆಕ್ಸಿಗೆ, ನಾಲ್ಕು ಆಟೊ ಬಾಡಿಗೆಗೆ ಐದು ಸಾವಿರ ಮುಗಿದುಹೋಗುತ್ತದೆ. ಅದಕ್ಕಿಂತ ಹೆಚ್ಚು ಖರ್ಚಾಗುವುದು ಕಂಡರೆ, ಮಿಕ್ಕದ್ದನ್ನು ಕೊಟ್ಟವರು ಯಾರು ಎಂದು ಕೇಳುವುದು ಮತದಾರರ ಕೆಲಸ.

ಚುನಾವಣೆ ಇಲ್ಲವೆಂದು ರಾಜಕೀಯವೇನೂ ನಿಂತಿಲ್ಲ. ಎಬಿವಿಪಿ, ಎಸ್‌ಎಫ್‌ಐ, ಎನ್‌ಎಸ್‌ಯುಐ, ಎಐಡಿಎಸ್‌ಒ, ಹೀಗೆ ವಿದ್ಯಾರ್ಥಿ ಸಂಘಟನೆಗಳೆಲ್ಲವೂ ನಿಮ್ಮ ಗೇಟಿನ ಹತ್ತಿರ ಬರುತ್ತವೆ. ಯಾವುದನ್ನು ಸೇರಬೇಕು, ಸೇರಬಾರದು ಎನ್ನುವುದು ನಿಮಗೆ ಬಿಟ್ಟದ್ದು. ಆದರೆ ಖಾಲಿ ಹಾಳೆಗೆ ಸಹಿ ಹಾಕಬೇಡಿ. ‘ಬಸ್ ಬೇಕು ಅಂತ ಮನವಿ, ಒಂದು ಸೈನ್ ಹಾಕಮ್ಮ’ ಎಂದು ಕ್ಲಾಸಿಗೆ ಬರುವ ಹಾಳೆಯ ಮೇಲ್ಭಾಗದಲ್ಲಿ ವಿಷಯ ಬರೆದಿರಬೇಕು, ಪ್ರತಿ ಪುಟದಲ್ಲೂ ಬರೆದಿರಬೇಕು. ಇಲ್ಲವಾದರೆ ಆ ಸಹಿಗಳ ಪುಟ ಯಾವ ಪತ್ರಕ್ಕಾದರೂ ಪಿನ್ ಆಗಬಹುದು. ಸದಸ್ಯತ್ವದ ಫಾರಂ ತುಂಬುವಾಗ ಆಧಾರ್ ಪ್ರತಿ ಕೇಳಿದರೆ ಯಾಕೆ ಎಂದು ಕೇಳಿ.

ನಿಜವಾದ ಬೇಡಿಕೆ ಇದ್ದಾಗ ಏನು ಮಾಡಬೇಕು? ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಹೆಚ್ಚಿನ ಹೋರಾಟಗಳು ಸೋಲುವುದು ಬೀದಿಯಲ್ಲಲ್ಲ, ಟಪಾಲಿನಲ್ಲಿ, ಅಂದರೆ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಕಡೆ. ವಿದ್ಯಾರ್ಥಿವೇತನ ಬಂದಿಲ್ಲ ಎಂದಿಟ್ಟುಕೊಳ್ಳಿ. ಪ್ರಾಂಶುಪಾಲರಿಗೆ ಬೈದು ಫಲವಿಲ್ಲ, ಹಣ ಹಾಕುವುದು ಇಲಾಖೆ. ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ತಾಣದಲ್ಲಿ ಅರ್ಜಿ ಎಲ್ಲಿ ನಿಂತಿದೆ ನೋಡಿ. ಕಾಲೇಜಿನ ಪರಿಶೀಲನೆಯಲ್ಲಿ ನಿಂತಿದ್ದರೆ ವಿಳಾಸ ನಿಮ್ಮ ಆಫೀಸಿನ ಕೌಂಟರು. ಮಂಜೂರಾಗಿ ಖಾತೆಗೆ ಬಾರದಿದ್ದರೆ ಬ್ಯಾಂಕು, ಆಧಾರ್ ಜೋಡಣೆ. ಎರಡೂ ಸರಿಯಿದ್ದರೆ ಸಮಾಜ ಕಲ್ಯಾಣ ಅಥವಾ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಜಿಲ್ಲಾ ಕಚೇರಿ. ಫಲಿತಾಂಶ ತಡವಾದರೆ ವಿಶ್ವವಿದ್ಯಾಲಯದ ಪರೀಕ್ಷಾಂಗ ಕುಲಸಚಿವರು. ನಿಮಗೆ ತುಮಕೂರು ವಿಶ್ವವಿದ್ಯಾಲಯ, ಕೋಲಾರ, ಚಿಕ್ಕಬಳ್ಳಾಪುರದ ನಿಮ್ಮ ಗೆಳೆಯರಿಗೆ ಬೆಂಗಳೂರು ಉತ್ತರ.

ಮನವಿ ಒಂದು ಪುಟ ದಾಟದಿರಲಿ. ಮೇಲೆ ದಿನಾಂಕ, ಯಾರಿಗೆ, ವಿಷಯ. ಮೊದಲ ಪ್ಯಾರಾದಲ್ಲಿ ಏನಾಗಿದೆ: ‘ದ್ವಿತೀಯ ಬಿ.ಕಾಂ.ನ ಇಷ್ಟು ವಿದ್ಯಾರ್ಥಿಗಳ ಅರ್ಜಿ ಈ ದಿನಾಂಕದಿಂದ ಈ ಹಂತದಲ್ಲಿದೆ.’ ಎರಡನೆಯದರಲ್ಲಿ ಏನು ಬೇಕು, ಯಾವ ದಿನದೊಳಗೆ. ‘ಕೂಡಲೇ ಸೂಕ್ತ ಕ್ರಮ ಕೈಗೊಳ್ಳಬೇಕಾಗಿ’ ಎಂದು ಬರೆದರೆ ಕಡತದಲ್ಲಿ ಅದಕ್ಕೆ ಉತ್ತರ ‘ಪರಿಶೀಲಿಸಲಾಗುತ್ತಿದೆ’. ದಿನಾಂಕ ಬರೆದರೆ ಮುಂದಿನ ಪತ್ರಕ್ಕೆ ಆಧಾರ ಸಿಗುತ್ತದೆ. ಎರಡು ಪ್ರತಿ ಒಯ್ಯಿರಿ. ಒಂದನ್ನು ಟಪಾಲಿನಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ದಿನಾಂಕ, ಸಾಧ್ಯವಾದರೆ ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡು ಬರುವವರು ಈ ಸೀಲನ್ನು ಮರೆಯುತ್ತಾರೆ. ಫೋಟೊ ಮರುದಿನ ಪೇಪರಿನಲ್ಲಿ ಬರುತ್ತದೆ, ಪತ್ರ ಕಡತಕ್ಕೆ ಹೋಗುವುದೇ ಇಲ್ಲ.

ಕಾಲೇಜಿನ ಮೇಲೆಯೇ ದೂರಿದ್ದರೆ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇದೆ. ಅದರಲ್ಲಿ ಒಬ್ಬ ವಿದ್ಯಾರ್ಥಿಯೂ ಆಹ್ವಾನಿತ ಸದಸ್ಯ. 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ತೃಪ್ತಿಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ, ಅಂದರೆ ಇಂಥ ದೂರು ಕೇಳಲೆಂದೇ ನೇಮಿಸಿದವರಿಗೆ, ಮೇಲ್ಮನವಿ. ಲೈಂಗಿಕ ಕಿರುಕುಳಕ್ಕೆ ಆಂತರಿಕ ಸಮಿತಿ: ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು, ಕಾರಣವಿದ್ದರೆ ಇನ್ನೂ ಮೂರು ತಿಂಗಳು, ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಇಂಥ ಘಟನೆ ಕೇಳಿದ ತಕ್ಷಣ ಗ್ರೂಪಿನಲ್ಲಿ ಆರೋಪಿಯ ಫೋಟೊ ಹಾಕಿ ‘ನ್ಯಾಯ ಬೇಕು’ ಅನ್ನುವವರು ಆ ಹುಡುಗಿಗೆ ಉಪಕಾರ ಮಾಡುತ್ತಿಲ್ಲ. ಸಮಿತಿಯ ವಿಚಾರಣೆಯ ಗೋಪ್ಯತೆ ಕಾನೂನಿನ ಷರತ್ತು. ರ‍್ಯಾಗಿಂಗ್‌ಗೆ 1800-180-5522, ದಿನದ 24 ಗಂಟೆ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ಯಾಕೆ ತಡ ಮಾಡಿದಿರಿ?’ ಎಂದು ಕೇಳಿದರೆ ಕಾರಣ ಕೇಳುವುದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. ‘ಈ ಸಂಖ್ಯೆಯ ನಮ್ಮ ಪತ್ರದ ಮೇಲೆ ತೆಗೆದುಕೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆಗಳ ಪ್ರತಿ ಕೊಡಿ’ ಎಂದು ಕೇಳಿ. ಆ ಸಂಖ್ಯೆ ನಿಮಗೆ ಸಿಗುವುದು ಆಗ ಹೇಳಿದ ಸೀಲಿನಿಂದಲೇ.

ಇಷ್ಟೆಲ್ಲ ಆದಮೇಲೂ ಬೀದಿಗೆ ಇಳಿಯಬೇಕಾಗುತ್ತದೆ. ಇಳಿಯಿರಿ, ಅದು ಹಕ್ಕು. ಟೌನ್‌ಹಾಲ್ ಸರ್ಕಲ್ಲಿನಿಂದ ಡಿಸಿ ಆಫೀಸಿಗೆ ಮೆರವಣಿಗೆ ಅಂದರೆ ಎಷ್ಟು ಜನ, ಯಾವ ದಾರಿ, ಎಷ್ಟು ಹೊತ್ತು, ಹೊಣೆ ಯಾರದು ಎಂದು ಬರೆದು ಠಾಣೆಗೆ ಮೊದಲೇ ಕೊಡಿ, ಅದಕ್ಕೂ ಸೀಲು. ಮೈಕಿಗೆ ಬೇರೆ ಅನುಮತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ನಿಷೇಧಾಜ್ಞೆ ಇದೆಯೇ ವಿಚಾರಿಸಿ. ಹಿಂದಿನ 144ನೇ ಸೆಕ್ಷನ್, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. 2022ರ ಫೆಬ್ರವರಿಯಲ್ಲಿ ಹಿಜಾಬ್ ವಿವಾದದ ಹೊತ್ತಿಗೆ ಕಾಲೇಜುಗಳ ಸುತ್ತ ಇಂಥ ಆಜ್ಞೆ ಹೇಗೆ ಬಂತು ಎನ್ನುವುದು ನಿಮ್ಮ ಸೀನಿಯರ್‌ಗಳಿಗೆ ನೆನಪಿರುತ್ತದೆ. ಆಜ್ಞೆ ಲಿಖಿತವಾಗಿರುತ್ತದೆ, ಪ್ರತಿ ಕೇಳಿ ಓದಿ: ಎಷ್ಟು ದೂರ, ಯಾವ ದಿನದವರೆಗೆ.

ಗುಂಪಿನಲ್ಲಿ ಒಬ್ಬ ಕಲ್ಲು ಎತ್ತಿದರೆ ಐವರಿಗಿಂತ ಕಡಿಮೆಯಿಲ್ಲದ ಆ ಗುಂಪೆಲ್ಲ ಅಕ್ರಮ ಕೂಟವೆಂದು ಪ್ರಕರಣದಲ್ಲಿ ಸೇರಬಹುದು. ಕಲ್ಲು ಕಂಡ ತಕ್ಷಣ ಕೂತುಬಿಡಿ ಅಥವಾ ಹೊರಬನ್ನಿ, ‘ನಾನೇನೂ ಮಾಡಿಲ್ಲವಲ್ಲ’ ಎಂದು ನಿಂತು ನೋಡಬೇಡಿ. ಪೊಲೀಸರು ಬಂಧಿಸಿದರೆ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಉಚಿತ ಕಾನೂನು ನೆರವಿಗೆ 15100. ಮಹಿಳೆಯರಿಗೆ, ಪರಿಶಿಷ್ಟರಿಗೆ ಆದಾಯದ ಮಿತಿ ಇಲ್ಲ. ಕೇಸು ಬಿದ್ದರೆ ಸರ್ಕಾರಿ ಕೆಲಸವೇ ಹೋಯಿತು ಎಂದು ಹೆದರಿಸುವವರಿದ್ದಾರೆ. ಸಣ್ಣಪುಟ್ಟ ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದು ಹೆಚ್ಚು ಕೆಲಸ ಕಳೆದಿದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಬಗ್ಗೆ ವಿವರವಾಗಿ ಹೇಳಿದೆ. ಅರ್ಜಿಯಲ್ಲಿ ಕೇಳಿದ್ದರೆ ಇದ್ದದ್ದನ್ನು ಬರೆಯಿರಿ.

ಮೆರವಣಿಗೆ ಮುಗಿದ ಮೇಲಿನ ಕಾಲ ಎಲ್ಲಕ್ಕಿಂತ ಉದ್ದ. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಚಿಕ್ಕಬಳ್ಳಾಪುರ ಜಿಲ್ಲೆ ಆಗಿನ್ನೂ ಆಗಿರಲಿಲ್ಲ, ಕೋಲಾರದ್ದೇ ಊರು. ರಾಜ್ಯವೆಲ್ಲ ಕುದಿಯಿತು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, ಸಾಕ್ಷಿಗಳು ಪ್ರತಿಕೂಲವಾಗಿ ನುಡಿದಿದ್ದರು. 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿ ಹೇಳಬೇಕಾದವರು ಅದೇ ಊರಿನಲ್ಲಿ, ಅದೇ ಜನರ ನಡುವೆ ಆರು ವರ್ಷ ಬಾಳಬೇಕು. ಸಾಕ್ಷಿಗಳ ರಕ್ಷಣೆಗೆ ಒಂದು ಯೋಜನೆಯನ್ನು ಸುಪ್ರೀಂ ಕೋರ್ಟ್ ಒಪ್ಪಿ ಜಾರಿಗೊಳಿಸಿದ್ದು 2018ರ ಡಿಸೆಂಬರ್‌ನಲ್ಲಿ. ಈಗ ಬೆದರಿಕೆ ಇರುವ ಸಾಕ್ಷಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಇದು ಎಷ್ಟು ಹಳ್ಳಿಗಳಿಗೆ ಗೊತ್ತು?

ಹಾಗಾಗಿ ನಿಮ್ಮನ್ನು ನಿಜಕ್ಕೂ ಕಾಡಿದ ಒಂದು ಪ್ರಕರಣ ಆರಿಸಿಕೊಳ್ಳಿ, ಹತ್ತಲ್ಲ, ಒಂದು. ಹತ್ತಿರದ್ದಾದರೆ ಒಳ್ಳೆಯದು. ಠಾಣೆ, ಎಫ್‌ಐಆರ್ ನಂಬರು, ವರ್ಷ ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದರ ಮೂಲಕ ಹುಡುಕಿದರೆ, ಪ್ರಕರಣ ಕೋರ್ಟಿಗೆ ಬಂದಿದ್ದಲ್ಲಿ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ, ಅಂದರೆ ಆ ಪ್ರಕರಣದ ಗುರುತಿನ ಸಂಖ್ಯೆ, ಸಿಗುತ್ತದೆ. ಅದನ್ನು ಆ್ಯಪಿನಲ್ಲಿ ಉಳಿಸಿಕೊಂಡರೆ ಮುಂದಿನ ವಿಚಾರಣೆಯ ದಿನಾಂಕ ಕಾಣುತ್ತದೆ. ಆ ದಿನ ತರಗತಿ ಇಲ್ಲದಿದ್ದರೆ ಇಬ್ಬರು ಮೂವರು ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು, ತೆರೆದ ನ್ಯಾಯಾಲಯಕ್ಕೆ ಯಾರೂ ಹೋಗಬಹುದು. ಅತ್ಯಾಚಾರ, ಪೋಕ್ಸೊ ವಿಚಾರಣೆಗೆ ಮಾತ್ರ ಪ್ರವೇಶವಿಲ್ಲ. ಫೋನು ಸ್ವಿಚ್ ಆಫ್ ಇರಲಿ, ಕಾಲ ಮೇಲೆ ಕಾಲು ಹಾಕಬೇಡಿ, ಬೇಂಚ್ ಕ್ಲರ್ಕ್ ಪ್ರಕರಣ ಕೂಗುವುದನ್ನು ಗಮನವಿಟ್ಟು ಕೇಳಿ. ನಾಲ್ಕು ಬಾರಿ ಹೋದರೆ ಮೂರು ಬಾರಿ ಮುಂದೂಡಿರುತ್ತಾರೆ. ಯಾಕೆ ಮುಂದೂಡಿದರು ಎನ್ನುವುದನ್ನು ಬರೆದುಕೊಳ್ಳಿ: ಸಾಕ್ಷಿ ಬಂದಿಲ್ಲವೇ, ಸಮನ್ಸ್ ಜಾರಿಯಾಗಿಲ್ಲವೇ, ಸರ್ಕಾರಿ ವಕೀಲರ ಹುದ್ದೆ ಖಾಲಿಯೇ? ಮೂರಕ್ಕೂ ಉತ್ತರ ಕೊಡಬೇಕಾದ ಕಚೇರಿ ಬೇರೆ ಬೇರೆ, ನಿಮ್ಮ ಮುಂದಿನ ಮನವಿ ಯಾರಿಗೆ ಹೋಗಬೇಕು ಎನ್ನುವುದು ಅಲ್ಲಿ ಗೊತ್ತಾಗುತ್ತದೆ.